ಕುಡಿದು ಬಿಸಾಕಿದ್ದರ ಫೋಟೊ ತೆಗೆಯುವುದು ಹೇಗೆ: ದಾವಣಗೆರೆ ಬೀದಿಗಳಿಂದ ಒಂದು ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಆರೂಕಾಲು. ಅಶೋಕ ರಸ್ತೆಯಲ್ಲಿ ಬಾಗಿಲು ಹಾಕಿದ್ದ ಒಂದು ಅಂಗಡಿ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಎದುರಿಗೆ ಒಂದು ಪೇಪರ್ ಟೀ ಕಪ್. ಅರ್ಧ ನಜ್ಜುಗುಜ್ಜಾಗಿತ್ತು. ತಳದಲ್ಲಿ ಒಂದು ಗುಟುಕು ಟೀ ಉಳಿದು ಕೆನೆ ಕಟ್ಟಿತ್ತು. ಕೆನೆಯ ಅಂಚಿನಲ್ಲಿ ಒಂದು ಇರುವೆ, ಇಳಿಯಲೋ ಬೇಡವೋ ಅಂತ ಯೋಚನೆ ಮಾಡ್ತಿತ್ತು.

ಹಾಲಿನ ಕ್ಯಾನ್ ಹಿಡಿದುಕೊಂಡು ಹೋಗ್ತಿದ್ದ ಒಬ್ಬ ಅಜ್ಜ ನಿಂತರು. "ಏನ್ ಬಿತ್ತು ತಮ್ಮಾ? ಬೀಗದ ಕೈಯಾ?" ಅಂದವರೇ ಕ್ಯಾನ್ ಕೆಳಗಿಟ್ಟು ತಾವೂ ಬಗ್ಗಿ ಹುಡುಕತೊಡಗಿದರು. "ಏನೂ ಬಿದ್ದಿಲ್ಲ ಅಜ್ಜಾ, ಈ ಲೋಟದ ಫೋಟೊ ತೆಗೀತಿದೀನಿ" ಅಂದೆ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು. "ಚೆನ್ನಾಗೈತೆ ಬಿಡು" ಅಂತ ಹೇಳಿ ಕ್ಯಾನ್ ಎತ್ತಿಕೊಂಡು ನಡೆದರು.

ಈ ಕೆಲಸಕ್ಕೆ ಇಳಿದರೆ ನಿಮಗೂ ಇಂಥವರು ಸಿಗುತ್ತಾರೆ. ಅವರಿಗೆ ಏನು ಹೇಳಬೇಕು ಅನ್ನೋದನ್ನು ಮುಂದೆ ಬರೆದಿದ್ದೇನೆ. ಮೊದಲು ಫೋಟೊ ವಿಷಯಕ್ಕೆ ಬರೋಣ.

ಎಲ್ಲಿ, ಯಾವಾಗ

ಕ್ಯಾಮೆರಾ ಹಿಡಿಯದೆ ಒಂದೆರಡು ದಿನ ಸುಮ್ನೆ ನಡೆದು ನೋಡಿ. ಬೇಗನೆ ಒಂದು ವಿಷಯ ಗೊತ್ತಾಗುತ್ತದೆ. ಗುಜರಿಯಲ್ಲಿ ಕಾಸು ಹುಟ್ಟುವ ವಸ್ತು ಬೀದಿಯಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಅಲ್ಯೂಮಿನಿಯಂ ಕ್ಯಾನನ್ನು ಚಿಂದಿ ಆಯುವವರು ಮೊದಲು ಎತ್ತಿಕೊಳ್ಳುತ್ತಾರೆ. ನೀರಿನ ಬಾಟಲಿಯೂ ಹೋಗುತ್ತದೆ. ಉಳಿಯುವುದು ಟೀ ಕಪ್ಪು, ಟೆಟ್ರಾ ಪ್ಯಾಕು, ಮಜ್ಜಿಗೆ ಪಾಕೀಟು, ಸ್ಟ್ರಾ, ಬಾಟಲಿಯ ಮುಚ್ಚಳ. ಪೇಪರ್ ಕಪ್ಪಿನ ಒಳಗೆ ತೆಳು ಪ್ಲಾಸ್ಟಿಕ್ ಪದರ ಅಂಟಿರುತ್ತದೆ. ಟೆಟ್ರಾ ಪ್ಯಾಕಿನಲ್ಲಿ ಸುಮಾರು ಮುಕ್ಕಾಲು ಪಾಲು ರಟ್ಟು, ಉಳಿದದ್ದು ಪ್ಲಾಸ್ಟಿಕ್, ಜೊತೆಗೆ ಶೇಕಡಾ 5ರಷ್ಟು ಅಲ್ಯೂಮಿನಿಯಂ. ಇವನ್ನು ಬಿಡಿಸುವುದು ಸಾಮಾನ್ಯ ಗುಜರಿ ಅಂಗಡಿಯಲ್ಲಿ ಆಗುವ ಕೆಲಸ ಅಲ್ಲ. ಹಾಗಾಗಿ ಯಾರೂ ಎತ್ತುವುದಿಲ್ಲ. ನಿಮ್ಮ ಆಲ್ಬಮ್ಮಿನಲ್ಲಿ ಕ್ಯಾನ್ ಕಡಿಮೆ, ಕಪ್ ಜಾಸ್ತಿ ಬಂದರೆ ಊರಲ್ಲಿ ಎಲ್ಲರೂ ಟೀನೇ ಕುಡಿಯುತ್ತಾರೆ ಅಂದುಕೊಳ್ಳಬೇಡಿ. ಕ್ಯಾನನ್ನು ನಿಮಗಿಂತ ಮುಂಚೆ ಯಾರೋ ನೋಡಿರುತ್ತಾರೆ, ಅಷ್ಟೆ.

ಇನ್ನೊಂದು ಗಡಿಯಾರ ಪೌರಕಾರ್ಮಿಕರದ್ದು. ಪೇಟೆ ರಸ್ತೆಗಳನ್ನು ಬೆಳಗಾಗುತ್ತಲೇ ಗುಡಿಸುತ್ತಾರೆ. ಪೊರಕೆ ಬಂದು ಹೋದ ಮೇಲೆ ಹೋದರೆ ಸಿಗುವುದು ಗುಡ್ಡೆ ಮಾತ್ರ. ಗುಡ್ಡೆ ಬೇರೆ ಚಿತ್ರ, ಬಿದ್ದಲ್ಲೇ ಬಿದ್ದಿರುವ ವಸ್ತು ಬೇರೆ ಚಿತ್ರ. ನಮಗೆ ಎರಡನೆಯದು ಬೇಕು. ಆದ್ದರಿಂದ ಸೂರ್ಯ ಹುಟ್ಟುವ ಹೊತ್ತಿಗೇ ಅಲ್ಲಿರಿ. ಇಲ್ಲವೇ ಸಂಜೆ ಐದರ ಮೇಲೆ, ಬೆಳಕು ಅಡ್ಡ ಬೀಳುವಾಗ ಹೋಗಿ. ಏಪ್ರಿಲ್ ಮಧ್ಯಾಹ್ನ ನಮ್ಮೂರ ಬಿಸಿಲಲ್ಲಿ ಟಾರ್ ರಸ್ತೆ ಮೇಲೆ ಮಂಡಿ ಊರಿದರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ.

ಜಾಗಕ್ಕೆ ತಕ್ಕಂತೆ ವಸ್ತು ಬದಲಾಗುತ್ತದೆ. ಸಂಜೆ ರಾಂ ಅಂಡ್ ಕೋ ಸರ್ಕಲ್ ಸುತ್ತ ತಿನ್ನಲು ಬಂದವರ ಗುಂಪು. ಮಂಡಕ್ಕಿ ಜೊತೆ ಮೆಣಸಿನಕಾಯಿ ಕಚ್ಚಿದವನಿಗೆ ನೀರು ಬೇಕೇ ಬೇಕು. ಹಾಗಾಗಿ ಅಂಥ ಕಡೆ ಸಣ್ಣ ನೀರಿನ ಬಾಟಲಿ, ಹತ್ತು ರೂಪಾಯಿಯ ಜೀರಾ ಸೋಡಾ. ವಿದ್ಯಾನಗರದ ಕಡೆ ಕಾಲೇಜು ಹುಡುಗರು ಜಾಸ್ತಿ, ಅಲ್ಲಿ ತಂಪು ಪಾನೀಯ, ದೊಡ್ಡ ಪ್ಲಾಸ್ಟಿಕ್ ಲೋಟ. ಎಪಿಎಂಸಿ ಕಡೆಗೆ ಹೋದರೆ ಹಮಾಲರ ಟೀ ಕಪ್ಪು, ಮಜ್ಜಿಗೆ ಪಾಕೀಟು. ಮೆಕ್ಕೆಜೋಳದ ಸುಗ್ಗಿಯಲ್ಲಿ ಒಮ್ಮೆ ಅಲ್ಲಿ ಸಿಕ್ಕ ಕಪ್ಪಿನೊಳಗೆ ಎರಡು ಜೋಳದ ಕಾಳು ಬಿದ್ದಿದ್ದವು. ಟೀಯಲ್ಲಿ ನೆಂದು ಒಂದು ಕಾಳು ಊದಿಕೊಂಡಿತ್ತು. ಬಾರ್ ಇರುವ ಯಾವ ರಸ್ತೆಯಾದರೂ ಸರಿ, ನೂರು ಹೆಜ್ಜೆಯೊಳಗೆ ನೈಂಟಿ ಟೆಟ್ರಾ ಪ್ಯಾಕ್ ಸಿಗುತ್ತದೆ. ಗೊತ್ತಿಲ್ಲದವರಿಗೆ: 90 ಮಿ.ಲೀ. ವಿಸ್ಕಿ ಬರುವ ಪುಟ್ಟ ಡಬ್ಬಿ. ಕರ್ನಾಟಕದ ಬೀದಿ ಫೋಟೊಗಳಲ್ಲಿ ಇದಕ್ಕೆ ಮುಖ್ಯ ಪಾತ್ರ.

ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಿ ಮಾತ್ರ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಎಲ್ಲ ಕಡೆ ಎಲ್ಲವೂ ಇರುತ್ತದೆ. ಹೊಸಬರು ಜಾತ್ರೆಯಿಂದ ಶುರು ಮಾಡಬೇಡಿ, ತಲೆ ಕೆಡುತ್ತದೆ. ಒಂದೇ ರಸ್ತೆ ಹಿಡಿಯಿರಿ. ಮನೆಯಿಂದ ಹಾಲು ತರಲು ಹೋಗುವ ರಸ್ತೆಯಾದರೂ ಸಾಕು.

ಸಾಮಾನು

ಫೋನ್ ಸಾಕು. ಇದನ್ನು ಸಮಾಧಾನಕ್ಕೆ ಹೇಳ್ತಿಲ್ಲ. ಫೋನನ್ನು ನೆಲದಿಂದ ಎರಡು ಬೆರಳು ಎತ್ತರದಲ್ಲಿ ಹಿಡಿಯಬಹುದು. ದೊಡ್ಡ ಕ್ಯಾಮೆರಾದಲ್ಲಿ ಅದಕ್ಕೆ ಚರಂಡಿ ಪಕ್ಕ ಮಲಗಬೇಕು.

ಆದರೆ ಫೋನಿನ ಮೂರು ಚಾಳಿ ತಿಳಿದಿರಲಿ. ಮಾಮೂಲಿ 1x ಲೆನ್ಸಿನಲ್ಲಿ ತೀರಾ ಹತ್ತಿರ ಹೋದರೆ ಬಾಟಲಿಯ ಮೂತಿ ದಪ್ಪ, ತಳ ಸಣ್ಣ ಆಗಿ ಕಾಣುತ್ತದೆ. ಒಂದೆರಡು ಹೆಜ್ಜೆ ಹಿಂದೆ ಸರಿದು 2xನಲ್ಲಿ ತೆಗೆಯಿರಿ. ಎರಡನೆಯದು, ಕೆಲವು ಫೋನುಗಳು ಹತ್ತಿರ ಹೋದ ಕೂಡಲೇ ನಿಮಗೆ ಹೇಳದೆ ಬೇರೆ ಲೆನ್ಸಿಗೆ ಹಾರುತ್ತವೆ. ಪರದೆಯಲ್ಲಿ ಚಿತ್ರ ಒಮ್ಮೆ ಜಿಗಿದಂತೆ ಆದರೆ ಅದೇ ಆಗಿದೆ ಅಂತ ಅರ್ಥ. ಮತ್ತೆ ಹಿಂದೆ ಸರಿಯಿರಿ. ಮೂರನೆಯದು ಎಐ ಬಣ್ಣ. ಅದನ್ನು ಆಫ್ ಮಾಡಿಬಿಡಿ. ಮಾಸಿದ ಟೀ ಕಪ್ಪನ್ನು ಹೊಸದರಂತೆ ತೋರಿಸುವ ಫೋನ್ ಈ ಕೆಲಸಕ್ಕೆ ಬಾರದು.

ಕ್ಯಾಮೆರಾ ಇದ್ದವರು 18-55 ಕಿಟ್ ಲೆನ್ಸನ್ನು 35ರ ಆಸುಪಾಸಿಗೆ ಇಟ್ಟು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 8, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 400ರಿಂದ ಶುರು ಮಾಡಿ. ಬೆಳಗಿನ ಮಬ್ಬಿನಲ್ಲಿ ಶಟರ್ ವೇಗ ಸೆಕೆಂಡಿನ 1/125ಕ್ಕಿಂತ ಕೆಳಗಿಳಿದರೆ ಐಎಸ್ಒ ಏರಿಸಿ. ಹಿನ್ನೆಲೆ ಪೂರ್ತಿ ಮಸುಕಾಗುವ ಎಫ್ 1.8 ಲೆನ್ಸಿನ ಆಸೆಗೆ ಬೀಳಬೇಡಿ. ಹಿನ್ನೆಲೆ ಮಸುಕಾದರೆ ಆ ಲೋಟ ದಾವಣಗೆರೆಯಲ್ಲಿತ್ತೋ ದೆಹಲಿಯಲ್ಲಿತ್ತೋ ಯಾರಿಗೆ ಗೊತ್ತು?

ಜೊತೆಗೆ ದಪ್ಪ ರಬ್ಬರ್ ಕೈಗವಸು, ಮಂಡಿ ಕೆಳಗೆ ಹಾಕಲು ಹಳೆ ಗೋಣಿ ಚೀಲದ ತುಂಡು, ಎ4 ಅಳತೆಯ ಒಂದು ಬಿಳಿ ಕಾಗದ, ಒಂದು ಬಟರ್ ಪೇಪರ್, ಲೆನ್ಸ್ ಒರೆಸುವ ಬಟ್ಟೆ. ಕಡು ಬಣ್ಣದ ಅಂಗಿ ಹಾಕಿಕೊಂಡು ಹೋಗಿ. ಯಾಕೆ ಅಂತ ಕ್ಯಾನಿನ ವಿಷಯ ಬಂದಾಗ ಹೇಳುತ್ತೇನೆ.

ಮುಟ್ಟಬೇಡಿ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಮೊದಲ ಫೋಟೊ ಮುಗಿಯುವ ತನಕ ವಸ್ತುವನ್ನು ಮುಟ್ಟಬೇಡಿ, ತಿರುಗಿಸಬೇಡಿ, ಕಾಲಲ್ಲಿ ತಳ್ಳಬೇಡಿ.

ನಾನು ಕಲಿತದ್ದು ಕೆಟ್ಟ ಮೇಲೆ. ಮೊದಲ ವರ್ಷ, ರಾತ್ರಿ ತುಂತುರು ಬಿದ್ದ ಒಂದು ಬೆಳಿಗ್ಗೆ, ಪಿ.ಬಿ. ರಸ್ತೆ ಪಕ್ಕ ಒಂದು ಕೆಂಪು ಕ್ಯಾನ್ ಸಿಕ್ಕಿತು. ಅದು ಬಿದ್ದಿದ್ದ ಜಾಗ ಸಪ್ಪೆ, ಬರೀ ಟಾರು. ಇಪ್ಪತ್ತು ಅಡಿ ಆಚೆ ಹಳೆ ಗೋಡೆ ಇತ್ತು, ಬಣ್ಣ ಎದ್ದ ನೀಲಿ ಗೋಡೆ. ಕೆಂಪಿಗೆ ನೀಲಿ ಎಷ್ಟು ಚೆನ್ನ ಅಂತ ಕ್ಯಾನನ್ನು ಎತ್ತಿ ಗೋಡೆ ಬುಡದಲ್ಲಿಟ್ಟೆ. ಹತ್ತು ಫೋಟೊ ತೆಗೆದೆ. ತಿರುಗಿ ಬರುವಾಗ ಮೊದಲು ಬಿದ್ದಿದ್ದ ಜಾಗ ನೋಡಿದೆ. ಒದ್ದೆ ರಸ್ತೆಯ ಮೇಲೆ ಕ್ಯಾನಿನ ಆಕಾರದಲ್ಲಿ ಒಂದು ಒಣ ಗುರುತು ಇತ್ತು. ಅಂಚು ಕತ್ತರಿಸಿದ ಹಾಗೆ. ಅಂದರೆ ಮಳೆಗೆ ಮುಂಚೆಯೇ ಅದನ್ನು ಯಾರೋ ಎಸೆದಿದ್ದರು, ರಾತ್ರಿಯೆಲ್ಲ ಅಲ್ಲೇ ಇತ್ತು, ಒಂದು ಗಾಡಿಯೂ ಅದನ್ನು ಸರಿಸಿರಲಿಲ್ಲ. ಫೋಟೊ ಇದ್ದದ್ದು ಅಲ್ಲಿ! ಓಡಿ ಹೋಗಿ ಕ್ಯಾನ್ ತಂದು ಆ ಒಣ ಜಾಗಕ್ಕೆ ಕೂರಿಸಲು ನೋಡಿದೆ. ಕೂರಲಿಲ್ಲ. ಕೈಯಲ್ಲಿ ತಿರುಗಿಸಿದ್ದೆ, ಯಾವ ಕಡೆ ಮೇಲಿತ್ತು ಅಂತ ಮರೆತಿದ್ದೆ. ಅಷ್ಟರಲ್ಲಿ ಗುರುತೂ ಒದ್ದೆಯಾಯಿತು. ನೀಲಿ ಗೋಡೆಯ ಹತ್ತೂ ಫೋಟೊ ಈಗಲೂ ಇವೆ. ನೋಡಿದರೆ ಅಂಗಡಿ ಜಾಹೀರಾತಿನ ಹಾಗೆ ಕಾಣುತ್ತವೆ.

ಹಾಗಾಗಿ ಮೊದಲು ವಸ್ತುವಿನ ಸುತ್ತ ಒಂದು ಸುತ್ತು ಬನ್ನಿ, ಒಂದು ಗಜ ದೂರದಿಂದ. ಬುಡದಲ್ಲಿ ಒಣ ಗುರುತಿದೆಯೇ, ಧೂಳು ಒಂದೇ ಮಗ್ಗುಲಿಗೆ ಕೂತಿದೆಯೇ, ಟೈರ್ ಹರಿದಿದೆಯೇ, ಚೆಲ್ಲಿದ ಸಕ್ಕರೆ ನೀರಿಗೆ ಇರುವೆ ಸಾಲು ಎಲ್ಲಿಂದ ಬರುತ್ತಿದೆ ನೋಡಿ. ಇದಕ್ಕೆ ಅರ್ಧ ನಿಮಿಷ ಸಾಕು. ನೆರಳು ಬೀಳದ ಕಡೆ ಜಾಗ ಹಿಡಿಯಿರಿ. ಬೆಳಿಗ್ಗೆ ನೀವು ಪೂರ್ವಕ್ಕೆ ಬೆನ್ನು ಮಾಡಿದರೆ ನಿಮ್ಮ ಉದ್ದ ನೆರಳು ಸೀದಾ ಕಪ್ಪಿನ ಮೇಲೇ ಬೀಳುತ್ತದೆ. ಮಗ್ಗುಲಿಗೆ ಸರಿಯಿರಿ.

ಒಂದು ವಸ್ತು, ಮೂರು ಫೋಟೊ

ಮೊದಲನೆಯದು ಊರಿನದು. ನಿಂತು ತೆಗೆಯುವುದು. ಅಂಗಡಿಯ ರೋಲಿಂಗ್ ಶಟರ್, ಡಿವೈಡರ್, ಕಂಬ, ಸೈಕಲ್ ಚಕ್ರ ಎಲ್ಲ ಬರಲಿ. ವಸ್ತು ಸಣ್ಣದಾಗಿ ಎಲ್ಲೋ ಕಾಣಲಿ. ಇದು ಚೆನ್ನಾಗಿ ಬರಬೇಕೆಂದಿಲ್ಲ, ಇರಬೇಕು ಅಷ್ಟೆ.

ಎರಡನೆಯದೇ ಮುಖ್ಯ. ಕುಕ್ಕರಗಾಲಲ್ಲಿ ಕೂರಿ. ಲೆನ್ಸ್ ವಸ್ತುವಿನ ಎತ್ತರಕ್ಕೆ ಬರಬೇಕು. ನಿಂತ ಎತ್ತರದಿಂದ ತೆಗೆದ ಕಸ ಕಸದ ಹಾಗೇ ಕಾಣುತ್ತದೆ, ಯಾಕೆಂದರೆ ದಿನಾ ನೋಡುವುದೇ ಆ ಎತ್ತರದಿಂದ. ಕಪ್ಪಿನ ಎತ್ತರಕ್ಕೆ ಇಳಿದರೆ ಅದೇ ಕಪ್ಪು ಗುಡಿ ಗೋಪುರದಷ್ಟು ದೊಡ್ಡದಾಗುತ್ತದೆ, ಹಿಂದೆ ನಿಂತ ಬಸ್ಸು ಸಣ್ಣದಾಗುತ್ತದೆ. ಬೇಕಾದರೆ ಫೋನನ್ನು ತಲೆಕೆಳಗು ಮಾಡಿ. ಲೆನ್ಸ್ ಕೆಳಗೆ ಬರುತ್ತದೆ, ನೆಲಕ್ಕೆ ತಾಗುವಷ್ಟು ಹತ್ತಿರ ಇಳಿಯಬಹುದು. ವಸ್ತುವಿನ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಎರಡು ಸೆಕೆಂಡ್ ಟೈಮರ್ ಹಾಕಿ. ಬಟನ್ ಒತ್ತುವಾಗಿನ ನಡುಕ ತಪ್ಪುತ್ತದೆ.

ಮೂರನೆಯದು ನೇರ ಮೇಲಿನಿಂದ. ಫೋನ್ ನೆಲಕ್ಕೆ ಸಮವಾಗಿರಲಿ. ತುಂಬಾ ಫೋನುಗಳಲ್ಲಿ ಗ್ರಿಡ್ ಆನ್ ಮಾಡಿದರೆ ಇದಕ್ಕೆ ಸಣ್ಣ ಗುರುತು ಬರುತ್ತದೆ. ಪ್ರತಿ ಸಲ ಒಂದೇ ಎತ್ತರ ಇಟ್ಟುಕೊಳ್ಳಿ. ನಾನು ಮೊಣಕೈಯನ್ನು ಮಂಡಿಗೆ ಊರಿ ಹಿಡಿಯುತ್ತೇನೆ, ಅಳತೆ ತಾನಾಗಿ ಒಂದೇ ಬರುತ್ತದೆ. ವಸ್ತುವಿನ ಸುತ್ತ ಜಾಗ ಬಿಡಿ. ಆಮೇಲೆ ಕತ್ತರಿಸಬಹುದು, ಸೇರಿಸಲಾಗದು.

ಈ ಮೂರೂ ಆದ ಮೇಲೆ ಕೈಗವಸು ಹಾಕಿ ತಿರುಗಿಸಿ ನೋಡಿ. ಲೇಬಲ್ ಬೇಕಿದ್ದರೆ ತೆಗೆಯಿರಿ. ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಬಹುದು, ಅದರ ಅಡ್ಡಳತೆ 27 ಮಿ.ಮೀ. ನಾಣ್ಯ ವಾಪಸ್ ಎತ್ತಿಕೊಳ್ಳಿ. ನಾನು ಎರಡು ಸಲ ಮರೆತಿದ್ದೇನೆ.

ವಸ್ತುವಿಗೆ ತಕ್ಕ ಬೆಳಕು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಜಾಸ್ತಿ ಜನ ಎಡವುವುದು ಇಲ್ಲೇ.

ಟೀ ಕಪ್. ಬಿಳಿ ಕಪ್, ಕರಿ ಟಾರು. ಕ್ಯಾಮೆರಾ ಟಾರನ್ನು ನೋಡಿ "ಅಯ್ಯೋ ಕತ್ತಲು" ಅಂದುಕೊಂಡು ಎಲ್ಲವನ್ನೂ ಬೆಳಗಿಸುತ್ತದೆ. ಕಪ್ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ಅಂಚಿನ ಮಡಿಕೆ, ತುಟಿಯ ಗುರುತು, ಟೀ ಕಲೆ ಎಲ್ಲ ಮಾಯ. ಪರದೆಯನ್ನು ಮುಟ್ಟಿ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಷರ್ ಮೈನಸ್ 0.7ರಿಂದ ಮೈನಸ್ 1. ರಸ್ತೆ ಕಪ್ಪಾಗಿ ಕಾಣಲಿ, ರಸ್ತೆ ಕಪ್ಪೇ ತಾನೆ. ಟೀ ಕಪ್ಪಿನ ಒಳಗೆ ಬೆಳಕು ಇಳಿಯಬೇಕಿದ್ದರೆ ನಿಮ್ಮ ಬಿಳಿ ಕಾಗದವನ್ನು ಬಿಸಿಲಿಗೆ ಹಿಡಿದು ಆ ಬೆಳಕನ್ನು ಒಳಕ್ಕೆ ತಿರುಗಿಸಿ. ಒಣಗಿದ ಟೀಯ ಸುತ್ತುಗೆರೆಗಳು ಮರದ ಉಂಗುರದ ಹಾಗೆ ಎದ್ದು ಬರುತ್ತವೆ.

ಟೆಟ್ರಾ ಪ್ಯಾಕ್. ಭಾರತದಲ್ಲಿ ಫ್ರೂಟಿ 1985ರಲ್ಲಿ ಬಂದಾಗಿನಿಂದ ನಮಗೆ ಈ ಡಬ್ಬಿಯ ಪರಿಚಯ. ಜ್ಯೂಸಿನ ಡಬ್ಬಿಗಿಂತ ನೈಂಟಿ ಡಬ್ಬಿಯ ಮೂಲೆ ನೋಡಿ. ಕತ್ತರಿ ಯಾರ ಬಳಿ ಇರುತ್ತದೆ? ಹಲ್ಲಲ್ಲೇ ಹರಿಯುತ್ತಾರೆ. ಹರಿದ ಅಂಚಿನಲ್ಲಿ ರಟ್ಟಿನ ನಾರು ಎದ್ದಿರುತ್ತದೆ, ಒಳಗಿನ ಬೆಳ್ಳಿ ಪದರ ಇಣುಕುತ್ತದೆ, ಒಮ್ಮೊಮ್ಮೆ ಹಲ್ಲಿನ ಗುಳಿಯೂ ಕಾಣುತ್ತದೆ. ಇದಕ್ಕೆ ಅಡ್ಡ ಬೆಳಕು ಬೇಕು. ಏಳು ಗಂಟೆಯ ಸೂರ್ಯ ಒಂದು ಮಗ್ಗುಲಿನಿಂದ ಬೀಳುವಾಗ ತೆಗೆದರೆ ಮಡಿಕೆಗಳೆಲ್ಲ ಬೆಟ್ಟ ಕಣಿವೆ. ಬೆಳ್ಳಿ ಪದರ ಕಣ್ಣು ಕುಕ್ಕಿದರೆ ಸೂರ್ಯನಿಗೂ ಡಬ್ಬಿಗೂ ನಡುವೆ ಬಟರ್ ಪೇಪರ್ ಹಿಡಿಯಿರಿ.

ಬಿಸಿಲಲ್ಲಿ ವಾರಗಟ್ಟಲೆ ಬಿದ್ದ ಡಬ್ಬಿಯಲ್ಲಿ ಕೆಂಪು, ಹಳದಿ ಬಣ್ಣ ಸಾಮಾನ್ಯವಾಗಿ ಮೊದಲು ಹೋಗುತ್ತವೆ, ನೀಲಿ ಉಳಿಯುತ್ತದೆ. ಹದಡಿ ರಸ್ತೆಯ ಒಂದು ಖಾಲಿ ಸೈಟಿನ ಬೇಲಿಗೆ ಸಿಕ್ಕಿಕೊಂಡಿದ್ದ ಮಾವಿನ ಜ್ಯೂಸಿನ ಡಬ್ಬಿಯನ್ನು ಐದು ಭಾನುವಾರ ಫೋಟೊ ತೆಗೆದೆ. ಮೊದಲ ವಾರ ಹಣ್ಣಾದ ಮಾವು. ಐದನೇ ವಾರದ ಹೊತ್ತಿಗೆ ತಿಳಿನೀಲಿ ಮಾವು. ಆರನೇ ವಾರ ಬೇಲಿಯೇ ಇರಲಿಲ್ಲ, ಪಾಯ ತೋಡಿದ್ದರು.

ಕ್ಯಾನ್. ಇದು ಕನ್ನಡಿ. ಅದರಲ್ಲಿ ಆಕಾಶ, ವಿದ್ಯುತ್ ತಂತಿ, ಕೂತಿರುವ ನೀವು ಎಲ್ಲ ಕಾಣುತ್ತೀರಿ. ಬಿಳಿ ಅಂಗಿ ಹಾಕಿದ್ದರೆ ಕ್ಯಾನಿನ ನಡುವೆ ಒಂದು ಬಿಳಿ ಪಟ್ಟಿ ಬರುತ್ತದೆ. ಕಡು ಬಣ್ಣದ ಅಂಗಿ ಅಂದದ್ದು ಅದಕ್ಕೇ. ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ಹೋಗುತ್ತದೆ ಅಂತ ಅಂಗಡಿಯವರು ಹೇಳಬಹುದು. ಪ್ಲಾಸ್ಟಿಕ್, ಗಾಜು, ಒದ್ದೆ ರಸ್ತೆಗೆ ಅದು ನಿಜ. ಬರೀ ಲೋಹದ ಹೊಳಪನ್ನು ಅದು ತೆಗೆಯುವುದಿಲ್ಲ. ಕ್ಯಾನಿಗೆ ಮೋಡ ಕವಿದ ದಿನವೇ ಮದ್ದು. ಇಡೀ ಆಕಾಶ ಒಂದು ದೊಡ್ಡ ದೀಪದಂತೆ ಮೆತ್ತಗೆ ಬೆಳಗುತ್ತದೆ. ಜುಲೈ, ಆಗಸ್ಟ್ ಇದಕ್ಕೆ ಹೇಳಿ ಮಾಡಿಸಿದ ತಿಂಗಳು.

ಪ್ಲಾಸ್ಟಿಕ್ ಬಾಟಲಿ. ಇದನ್ನು ಸೂರ್ಯನಿಗೆ ಎದುರಾಗಿ ತೆಗೆಯಿರಿ. ಬೆಳಕು ಬಾಟಲಿಯನ್ನು ಹಾದು ನಿಮ್ಮ ಕಡೆ ಬರಬೇಕು. ಮುಚ್ಚಳ ಹಾಕಿ ಎಸೆದ ಬಾಟಲಿಯಲ್ಲಿ ಉಳಿದ ಗುಟುಕು ನೀರು ಬಿಸಿಲಿಗೆ ಆವಿಯಾಗಿ ಒಳಗೋಡೆಯಲ್ಲಿ ಸಣ್ಣ ಹನಿಗಳಾಗಿ ಕೂತಿರುತ್ತದೆ. ಎದುರು ಬೆಳಕಿನಲ್ಲಿ ಒಂದೊಂದು ಹನಿಯೂ ದೀಪ. ನೆರಳನ್ನೂ ಬಿಡಬೇಡಿ. ಬಾಟಲಿಯ ನೆರಳಿನಲ್ಲಿ ಬೆಳಕಿನ ಬಳ್ಳಿ ಹರಿದಾಡುತ್ತದೆ, ಒಮ್ಮೊಮ್ಮೆ ಬಾಟಲಿಗಿಂತ ಅದೇ ಚೆಂದ.

ಸುಮ್ನೆ ಒಂದು ಆಟ ಹೇಳುತ್ತೇನೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅದನ್ನು ಫೋನಿನ ಲೆನ್ಸಿಗೆ ಅಡ್ಡ ಹಿಡಿಯಿರಿ. ಬೆಳಗ್ಗೆ, ಸೂರ್ಯ ನಿಮ್ಮ ಬಲಕ್ಕೋ ಎಡಕ್ಕೋ ಇರುವಂತೆ ನಿಂತು, ಖಾಲಿ ಬಾಟಲಿಯನ್ನು ಶುಭ್ರ ನೀಲಿ ಆಕಾಶಕ್ಕೆ ಎತ್ತಿ ನೋಡಿ. ಕನ್ನಡಕ ತಿರುಗಿಸುತ್ತಾ ಹೋದರೆ ಪ್ಲಾಸ್ಟಿಕ್ಕಿನಲ್ಲಿ ಕಾಮನಬಿಲ್ಲಿನ ಬಣ್ಣ ಮೂಡುತ್ತವೆ. ಕಾರ್ಖಾನೆಯಲ್ಲಿ ಬಾಟಲಿಯನ್ನು ಊದಿ ಹಿಗ್ಗಿಸುವಾಗ ಒಳಗೆ ಉಳಿದ ಎಳೆತದ ಗುರುತು ಅದು. ಬೀದಿ ಫೋಟೊಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಒಮ್ಮೆ ನೋಡಿದವರು ಬಿಡುವುದಿಲ್ಲ.

ಗಾಜು, ಮುಚ್ಚಳ, ಪಾಕೀಟು. ಗಾಜಿನ ಬಾಟಲಿಗೂ ಎದುರು ಬೆಳಕೇ ಸರಿ, ಹಸಿರು ಕಂದು ಬಣ್ಣ ನೆಲದ ಮೇಲೆ ಚೆಲ್ಲುತ್ತದೆ. ಒಡೆದಿದ್ದರೆ ಮಂಡಿ ಊರಬೇಡಿ, ದೂರದಿಂದ ತೆಗೆದು ಹೊರಡಿ. ಸೋಡಾ ಮುಚ್ಚಳ ಟಾರಿನೊಳಗೆ ಹುದುಗಿ ಕೂತಿದ್ದರೆ ಮೇಲಿನಿಂದ ತೆಗೆಯಿರಿ. ಅದಕ್ಕೆ ಹಲ್ಲು 21 ಇರುತ್ತವೆ, ಎಣಿಸಿ ನೋಡಿ. ಗಾಡಿಗಳು ಹರಿದು ಹರಿದು ಹಲ್ಲು ಚಪ್ಪಟೆಯಾದವು ಹೂವಿನಂತೆ ಅರಳಿರುತ್ತವೆ. ಮಜ್ಜಿಗೆ ಪಾಕೀಟಿಗೆ ವಿಶೇಷ ಏನಿಲ್ಲ. ಗಾಳಿಗೆ ಹಾರುತ್ತದೆ, ಬೇಗ ತೆಗೆಯಿರಿ.

ಲೇಬಲ್ ಓದುವುದು

ಲೇಬಲ್ ಇದ್ದರೆ ಅದು ಪುಟ್ಟ ಜಾತಕ. ತಯಾರಾದ ದಿನ, ಬೆಲೆ, ಊರು ಎಲ್ಲ ಅದರಲ್ಲಿವೆ. ಎಫ್ಎಸ್ಎಸ್ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ಅಂತ ಇರುವ ಕಡೆ 14 ಅಂಕಿಯ ಪರವಾನಗಿ ಸಂಖ್ಯೆ ಕಾಣುತ್ತದೆ. ಅದರ ಎರಡನೆಯ, ಮೂರನೆಯ ಅಂಕಿ ರಾಜ್ಯದ ಗುರುತು, ಕರ್ನಾಟಕದ್ದು 12. ಅಂದರೆ 112 ಅಂತ ಶುರುವಾದರೆ ನಮ್ಮ ರಾಜ್ಯದಲ್ಲಿ ಕೊಟ್ಟ ಪರವಾನಗಿ. 100 ಅಂತ ಶುರುವಾದರೆ ಕೇಂದ್ರದ್ದು. ಪುತ್ತೂರಿನ ಬಿಂದು ಜೀರಾ ಬಾಟಲಿಯನ್ನು ಮಂಡಿಪೇಟೆಯಲ್ಲಿ ಕಂಡಾಗ, ಅದು ಘಟ್ಟ ಹತ್ತಿ ಇಲ್ಲಿವರೆಗೆ ಬಂದು ಕೊನೆಗೆ ಎತ್ತಿನ ಗಾಡಿ ಗಾಲಿಗೆ ಸಿಕ್ಕಿತಲ್ಲ ಅಂತ ಅನಿಸಿತು.

ಲೇಬಲ್ ಇಲ್ಲದಿದ್ದರೆ ಸ್ಟ್ರಾ ನೋಡಿ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಯಿತು. ಜ್ಯೂಸಿನ ಡಬ್ಬಿಗಳಿಗೆ ಕಾಗದದ ಸ್ಟ್ರಾ ಬಂದದ್ದು ಆಗಲೇ. ಮಾಸಿದ ಡಬ್ಬಿಗೆ ಹಳೆ ಪ್ಲಾಸ್ಟಿಕ್ ಸ್ಟ್ರಾ ಅಂಟಿಕೊಂಡೇ ಇದ್ದರೆ ಅದು ಮಣ್ಣಲ್ಲಿ ಹೂತು ವರ್ಷಗಳಾಗಿ ಈಗ ಮೇಲೆ ಬಂದದ್ದಿರಬಹುದು. ಚರಂಡಿ ಹೂಳು ಎತ್ತಿ ದಂಡೆಗೆ ಹಾಕಿದ ದಿನ ಇಂಥವು ಸಿಗುತ್ತವೆ. ವಾಸನೆ ತಡೆದುಕೊಂಡರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಜನ, ಗಾಡಿ, ನಾಯಿ

ಜನ ಕೇಳುವುದು ಎರಡೇ ಪ್ರಶ್ನೆ. "ಏನ್ ಬಿತ್ತು?" ಮತ್ತು "ಕಾರ್ಪೊರೇಷನ್ನಿಂದ ಬಂದೀರೇನ್ರಿ?" ಮೊದಲನೆಯದಕ್ಕೆ ನಕ್ಕರೆ ಸಾಕು. ಎರಡನೆಯದಕ್ಕೆ ಕೂಡಲೇ ಇಲ್ಲ ಅನ್ನಿ. ತಡಮಾಡಿದರೆ ಅಂಗಡಿಯವರು ತಮಗೆ ದಂಡ ಹಾಕಲು ಬಂದಿದ್ದಾರೆ ಅಂತ ತಿಳಿದು ಹುಡುಗನ ಕೈಯಲ್ಲಿ ಪೊರಕೆ ಕೊಟ್ಟು ಕಳಿಸುತ್ತಾರೆ. ನಿಮ್ಮ ಕಪ್ಪು ಹೋಯಿತು. "ಅಣ್ಣಾ, ಹವ್ಯಾಸಕ್ಕೆ ತೆಗೀತಿದೀನಿ, ನಿಮ್ಮ ಬೋರ್ಡ್ ಬರಲ್ಲ" ಅಂತ ಹೇಳಿ, ಫೋಟೊ ತೋರಿಸಿ. ಬೋರ್ಡ್ ಬರದಂತೆ ನಿಜವಾಗಿಯೂ ನೋಡಿಕೊಳ್ಳಿ. ಯಾರದೋ ಅಂಗಡಿ ಹೆಸರಿನ ಕೆಳಗೆ ಯಾರೋ ಎಸೆದ ಬಾಟಲಿ ತೋರಿಸಿದರೆ ಅಂಗಡಿಯವನೇ ಎಸೆದ ಹಾಗಾಗುತ್ತದೆ. ಬಾರ್ ಮುಂದೆ ಕೂತವರ ಮುಖ, ಮಕ್ಕಳ ಮುಖ, ಗಾಡಿ ನಂಬರು ಬೇಡ. ಚಿಂದಿ ಆಯುವವರು ಬಂದರೆ ಮೊದಲ ಹಕ್ಕು ಅವರದ್ದು. ನಿಮಗದು ಫೋಟೊ, ಅವರಿಗದು ದಿನದ ಕೂಲಿ.

ಡಿವೈಡರ್ ಮೇಲೆ ಕೂರಬೇಡಿ. ಭದ್ರಾ ನಾಲೆಯ ಇಳಿಜಾರಿಗೆ ಇಳಿಯಬೇಡಿ, ಎಷ್ಟೇ ಚೆಂದದ ಬಾಟಲಿ ತೇಲಿ ಬರಲಿ. ಕುಕ್ಕರಗಾಲಲ್ಲಿ ಕೂತವನನ್ನು ಕಂಡರೆ ನಾಯಿಗಳಿಗೆ ಕಲ್ಲು ಎತ್ತಲು ಬಗ್ಗಿದ ಹಾಗೆ ಕಾಣುತ್ತದೆ. ನಿಧಾನಕ್ಕೆ ಕೂರಿ, ನಿಧಾನಕ್ಕೆ ಏಳಿ. ಸಿರಿಂಜ್, ರಕ್ತದ ಬಟ್ಟೆ ಕಂಡರೆ ಆ ಜಾಗ ಬಿಟ್ಟುಬಿಡಿ.

ಫೋಟೊ ಆದ ಮೇಲೆ ಎತ್ತಿ ಕಸದ ಗಾಡಿಗೆ ಹಾಕಬೇಕೇ? ನಾನು ಒಂದು ಚೀಲ ಇಟ್ಟುಕೊಂಡಿರುತ್ತೇನೆ, ಹಿಡಿಸುವಷ್ಟು ಎತ್ತುತ್ತೇನೆ. ಬೇಲಿಯ ಮಾವಿನ ಡಬ್ಬಿಯನ್ನು ಮಾತ್ರ ಐದು ವಾರ ಬೇಕೆಂದೇ ಬಿಟ್ಟಿದ್ದೆ. ಅದರ ಬಗ್ಗೆ ಹೆಂಡತಿ ಕೇಳಿದಾಗ ಸರಿಯಾದ ಉತ್ತರ ಇರಲಿಲ್ಲ.

ಮನೆಗೆ ಬಂದ ಮೇಲೆ

ಅದೇ ದಿನ ಹೆಸರು ಕೊಡಿ. ತಾರೀಖು, ರಸ್ತೆ, ವಸ್ತು, ಸಂಖ್ಯೆ. 2025-07-13, ಅಶೋಕ ರಸ್ತೆ, ಕಪ್, 04. ಇಷ್ಟೇ. ವಾರ ಬಿಟ್ಟರೆ ಮುನ್ನೂರು ಕಪ್ಪುಗಳಲ್ಲಿ ಯಾವುದು ಎಲ್ಲಿಯದು ಅಂತ ದೇವರಿಗೂ ಗೊತ್ತಾಗದು. ಫೋನಿನಲ್ಲಿ ಲೊಕೇಶನ್ ಆನ್ ಇಟ್ಟರೆ ಜಾಗ ಫೋಟೊದೊಳಗೇ ಉಳಿಯುತ್ತದೆ. ನಿಮ್ಮ ಮನೆ ಮುಂದಿನ ಫೋಟೊ ಹಂಚುವಾಗ ಮಾತ್ರ ಅದನ್ನು ಅಳಿಸಿ. ಜಾಗದ ಸಮೇತ ಕಸದ ಫೋಟೊ ಹಾಕಲು ಓಪನ್‌ಲಿಟರ್‌ಮ್ಯಾಪ್ ಅಂತ ಒಂದು ಉಚಿತ ತಾಣ ಇದೆ, ಅಲ್ಲಿ ಯಾವ ವಸ್ತು ಅಂತಲೂ ಗುರುತು ಹಾಕಬಹುದು.

ಎಡಿಟಿಂಗ್ ಕಡಿಮೆ ಮಾಡಿ. ನೇರ ಮಾಡುವುದು, ಕತ್ತರಿಸುವುದು, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಮಾಡುವುದು). ಕೊನೆಯದಕ್ಕೆ ಒಂದು ಉಪಾಯ: ಪ್ರತಿ ರಸ್ತೆಯಲ್ಲಿ ಆ ಬಿಳಿ ಕಾಗದವನ್ನು ನೆಲದ ಮೇಲಿಟ್ಟು ಒಂದು ಫೋಟೊ ತೆಗೆದುಕೊಳ್ಳಿ. ಮನೆಯಲ್ಲಿ ಕಾಗದ ಬೆಳ್ಳಗೆ ಬರುವಂತೆ ಸರಿಮಾಡಿ, ಅದೇ ಅಳತೆಯನ್ನು ಆ ರಸ್ತೆಯ ಉಳಿದ ಫೋಟೊಗಳಿಗೂ ಹಾಕಿ. ಇಲ್ಲದಿದ್ದರೆ ಒಂದು ಕಪ್ ಹಳದಿ, ಇನ್ನೊಂದು ಕಪ್ ನೀಲಿ.

ಇನ್ನು ಜೋಡಿಸುವುದು. ಒಂದು ಕಪ್ಪಿನ ಫೋಟೊ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ. ಹದಿನಾರು ಕಪ್ಪು ಒಟ್ಟಿಗೆ ನಿಂತರೆ ನಿಲ್ಲುತ್ತಾರೆ. ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿ ನೀರಿನ ಟ್ಯಾಂಕುಗಳನ್ನು ದಶಕಗಳ ಕಾಲ ಒಂದೇ ರೀತಿ, ಒಂದೇ ಮಬ್ಬು ಬೆಳಕಿನಲ್ಲಿ ತೆಗೆದು ಸಾಲಾಗಿ ಜೋಡಿಸಿದರು. ಒಂದರ ಪಕ್ಕ ಒಂದು ಇಟ್ಟಾಗಲೇ ವ್ಯತ್ಯಾಸ ಕಣ್ಣಿಗೆ ಬೀಳುವುದು. ಅಮೆರಿಕದ ಅರ್ವಿಂಗ್ ಪೆನ್, ಫ್ಯಾಶನ್ ಫೋಟೊಗಳಿಗೆ ಹೆಸರಾದವರು, ನ್ಯೂಯಾರ್ಕ್ ಬೀದಿಯಿಂದ ಸಿಗರೇಟ್ ತುಂಡು, ಜಜ್ಜಿದ ಪೇಪರ್ ಕಪ್ ಎತ್ತಿ ಸ್ಟುಡಿಯೋಗೆ ತಂದು ತೆಗೆದರು. ಆ ಸಿಗರೇಟ್ ತುಂಡುಗಳು 1975ರಲ್ಲಿ ಅಲ್ಲಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಪ್ರದರ್ಶನವಾದವು. ಅವರ ಪೇಪರ್ ಕಪ್, ಬಿಳಿ ಹಿನ್ನೆಲೆಯ ಮೇಲೆ ಹಳೆ ಕಾಲದ ಶಿಲ್ಪದಂತೆ ನಿಂತಿದೆ. ನನಗದು ಇಷ್ಟ, ಆದರೆ ನಾನು ಹಾಗೆ ಮಾಡುವುದಿಲ್ಲ. ನನಗೆ ಕಪ್ಪಿನ ಕೆಳಗಿನ ನೆಲವೂ ಬೇಕು.

ಪ್ರಿಂಟ್ ಹಾಕಿಸಲು 12x18 ಇಂಚಿನ ಹಾಳೆ ಅನುಕೂಲ, ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ ಸಿಗುತ್ತದೆ. ಉದ್ದುದ್ದ ನಿಲ್ಲಿಸಿದ 3x4.5 ಇಂಚಿನ ಫೋಟೊ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಸರಿಯಾಗಿ ಕೂರುತ್ತವೆ. ಕ್ಯಾಮೆರಾ ಫೋಟೊ ಹಾಗೇ ಹೊಂದುತ್ತದೆ. ಫೋನಿನದ್ದು 4:3 ಇರುವುದರಿಂದ ಬದಿ ಸ್ವಲ್ಪ ಕತ್ತರಿಸಬೇಕು. ಸುತ್ತ ಜಾಗ ಬಿಡಿ ಅಂದದ್ದು ನೆನಪಿದೆಯಲ್ಲ? ಹದಿನಾರೂ ಮೇಲಿನಿಂದ ತೆಗೆದವೇ ಇರಲಿ, ಅಥವಾ ಹದಿನಾರೂ ನೆಲದ ಮಟ್ಟದವೇ ಇರಲಿ. ಬೆರಕೆ ಮಾಡಬೇಡಿ. ಬಣ್ಣಕ್ಕೆ ತಕ್ಕಂತೆ ಜೋಡಿಸುವ ಆಸೆ ಬರುತ್ತದೆ. ರಸ್ತೆಗೆ ತಕ್ಕಂತೆ, ನೀವು ನಡೆದ ಕ್ರಮದಲ್ಲೇ ಜೋಡಿಸಿ ನೋಡಿ.

ನನ್ನ ಮೊದಲ ಹಾಳೆ ಮಿಷನ್ನಿನಿಂದ ಹೊರಬಂದಾಗ ಅಂಗಡಿ ಹುಡುಗ ಅದನ್ನು ಕತ್ತರಿಸಲು ಹೋದವನು ನಿಂತ. ಮೂರನೇ ಸಾಲಿನ ಎರಡನೇ ಫೋಟೊ ಮೇಲೆ ಬೆರಳಿಟ್ಟ. "ಸಾರ್, ಇದು ನಮ್ಮ ಮೆಟ್ಲು." ಕಪ್ಪಿನ ಕೆಳಗೆ ಕೆಂಪು ಗಾರೆಯ ಮೆಟ್ಟಿಲಿನ ಒಂದು ಮೂಲೆ ಒಡೆದು ಹೋಗಿತ್ತು. ಇಬ್ಬರೂ ಬಾಗಿಲಿಗೆ ಹೋಗಿ ಬಗ್ಗಿ ನೋಡಿದೆವು. ಹೌದು, ಅದೇ ಮೂಲೆ. ಆಮೇಲೆ ಅವನು ಲ್ಯಾಮಿನೇಷನ್ ಹೊಳೆಯುವ ಗ್ಲಾಸಿಯಾ, ಹೊಳಪಿಲ್ಲದ ಮ್ಯಾಟಾ ಅಂತ ಕೇಳಿದ. ಮ್ಯಾಟ್ ಹೇಳಿ. ಗ್ಲಾಸಿ ಹಾಕಿಸಿದರೆ ಟ್ಯೂಬ್‌ಲೈಟ್ ಬಿಟ್ಟು ಬೇರೇನೂ ಕಾಣುವುದಿಲ್ಲ.